ಬಲಗಡೆಯ ಮುಂದಿನ ಚಕ್ರ

ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ಇಂಜಿನ್ನಿಗೆ ಕೈ ಹಾಕುವ ಆಸೆ. ಚಕ್ರದ ಕೆಲಸ ಅಂದರೆ ಮೂಗು ಮುರಿಯುತ್ತಾರೆ. ಕಸ ಗುಡಿಸುವುದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ ಅದರ ಮರ್ಯಾದೆ. ನಾನೂ ಹಾಗೇ ಅಂದುಕೊಂಡು ಬಂದವನು, ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈಯುತ್ತೇನೆ, ವಯಸ್ಸಾಗಿದೆ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಚಕ್ರ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ, ಕಷ್ಟ ಇರುವುದೇ ಅಲ್ಲಿ.

ಮೂವತ್ತು ಚಿಲ್ಲರೆ ವರ್ಷ ಈ ಕೆಲಸ ಮಾಡಿದೆ. ಕೊನೆಯ ವರ್ಷಗಳು ಬಸ್ ಡಿಪೋದಲ್ಲಿ ಕಳೆದವು. ಅಲ್ಲಿ ಏನು ಬಡ್ತಿ ಸಿಕ್ಕಿತು ಅನ್ನುವುದು ಪಿಂಚಣಿ ಕಾಗದದಲ್ಲಿದೆ, ಇಲ್ಲಿ ಬೇಡ. ನಾನು ಹೇಳಬೇಕಾದ್ದು ಒಂದು ನಟ್ಟಿನ ವಿಷಯ. ಅದನ್ನು ನಾನೇ ಕೊರೆಸಿದೆ, ನಾನೇ ಬಿಗಿದೆ, ಆಮೇಲೆ ಅದರ ಬಗ್ಗೆ ಸುಳ್ಳನ್ನೂ ನಾನೇ ಹೇಳಿದೆ. ಆ ನಟ್ಟಿನಿಂದ ನನ್ನ ಅಕ್ಕನ ಗಂಡ ವಾಸು ಭಾವ ತೀರಿಕೊಂಡರು. ಆ ಸುಳ್ಳಿನಿಂದ ಅವರ ಹೆಸರು ಕೆಟ್ಟಿತು. ಸತ್ತವರನ್ನು ನಾನು ಬದುಕಿಸಲಾರೆ. ಹೆಸರನ್ನಾದರೂ ಸರಿ ಮಾಡಬಹುದಿತ್ತು, ಐವತ್ತು ವರ್ಷ ಅದನ್ನೂ ಮಾಡಲಿಲ್ಲ.

ನಮ್ಮದು ಹುಲಗೋಳ. ಅಪ್ಪ ಎತ್ತಿನ ಗಾಡಿಗೆ ಚಕ್ರ ಮಾಡುವ ಆಚಾರಿ. ನನಗೆ ಉಳಿ ಹಿಡಿಯುವುದು ಬೇಡವಾಗಿತ್ತು. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ೧೯೫೬ರಲ್ಲಿ, ಶಿರಸಿಗೆ ಬಂದು ಮೆಹಬೂಬ್‌ಸಾಬರ ಗ್ಯಾರೇಜು ಸೇರಿದೆ. ಆಗ ನನಗೆ ಇಪ್ಪತ್ಮೂರು. ಅವರು ಹುಬ್ಬಳ್ಳಿ ಕಡೆಯವರು, ಐವತ್ತು ದಾಟಿದ್ದವರು. ಊರೆಲ್ಲ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿತ್ತು.

ಮೊದಲ ವಾರದಲ್ಲೇ ಒಂದೇ ಲಾರಿಯ ಟ್ಯೂಬನ್ನು ಮೂರು ಸಲ ಹರಿದೆ. ಟಯರು ಏರಿಸುವಾಗ ಕಬ್ಬಿಣದ ಪಟ್ಟಿಯ ಅಡಿಗೆ ಟ್ಯೂಬು ಸಿಕ್ಕಿ ಹರಿಯುತ್ತಿತ್ತು. ಮೂರನೆಯ ಸಲ ಉಸ್ತಾದರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಖಾಲಿ ಟ್ಯೂಬು ಇಡ್ತೀಯಲ್ಲೋ ಮಂಜು. ನಾಕು ಪಂಪು ಗಾಳಿ ಹೊಡದು ಇಡು. ಹೊಟ್ಟಿ ತುಂಬಿದ್ರ ಅದು ಅಲ್ಲಿ ಇಲ್ಲಿ ಹೋಗಿ ಸಿಗಂಗಿಲ್ಲ" ಅಂದರು. ಅಷ್ಟೇ. ಅಷ್ಟನ್ನು ಮೊದಲ ಸಲವೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಆಗ ನಿನ್ನ ಕಿವಿ ಖಾಲಿ ಇರಲಿಲ್ಲ" ಅಂದರು.

ಇನ್ನೊಂದು ಸಲ ಲಾರಿ ಚಕ್ರಕ್ಕೆ ಗಾಳಿ ಹಿಡಿಯುವಾಗ ಟಯರನ್ನು ಹಿಡಿದಿಡುವ ಉಕ್ಕಿನ ರಿಂಗು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲಿಲ್ಲ. ಅದು ಹಾರಿ ಮಾಡಿನ ಹಂಚು ಒಡೆದು ಆಚೆ ಹೋಯಿತು. ನನ್ನ ತಲೆ ಅರ್ಧ ಗೇಣು ಈಚೆಗಿತ್ತು. ಉಸ್ತಾದರು ಬೈಯಲಿಲ್ಲ. ಆ ತಿಂಗಳು ಪೂರ್ತಿ ಒಡೆದ ಹಂಚು ಬದಲಿಸಲು ಬಿಡಲಿಲ್ಲ, ಅದರಡಿಗೇ ನನ್ನನ್ನು ಕೆಲಸಕ್ಕೆ ಕೂರಿಸಿದರು. ಮಳೆ ಬಂದರೆ ನೆನೆಯುತ್ತಿದ್ದೆ. ಈಗ ಟಯರು ಬಿಚ್ಚಲು ಮಿಶಿನ್ನಿದೆ, ಟ್ಯೂಬೇ ಇಲ್ಲದ ಟಯರು ಬಂದಿದೆ, ಗಾಳಿ ಎಷ್ಟಾಯಿತು ಅಂತ ಡಬ್ಬಿಯೇ ಹೇಳುತ್ತದೆ. ಒಳ್ಳೆಯದೇ. ಆದರೆ ಒಂದು ತಪ್ಪಿನ ಕೆಳಗೆ ಒಂದು ತಿಂಗಳು ಕೂತು ಕೆಲಸ ಮಾಡಿದರೆ ಬರುವ ಬುದ್ಧಿ ಯಾವ ಮಿಶಿನ್ನಿನಲ್ಲೂ ಬರುವುದಿಲ್ಲ. ನನಗೆ ಬಂದ ಬುದ್ಧಿಯಾದರೂ ಸಾಕಾಗಲಿಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಎರಡು ಮೂರು ವರ್ಷ ಕಳೆದ ಮೇಲೆ ವಾನಳ್ಳಿ ಕಡೆಯ ಗಣಪಯ್ಯ ಹೆಗಡೆಯವರು ಬಂದರು. ಅವರ ಅಪ್ಪಯ್ಯನ ಕಾಲದಲ್ಲಿ ಅವರ ಮನೆಯಲ್ಲಿ ಒಂದು ಕಾರಿತ್ತಂತೆ. ಎತ್ತರದ ತೆಳ್ಳನೆ ಚಕ್ರ, ಸೈಕಲ್ಲಿನ ಹಾಗೆ ತಂತಿಯ ಕಡ್ಡಿ, ಚಕ್ರದ ನಡುವೆ ಎರಡು ಕಿವಿಯ ಒಂದೇ ದೊಡ್ಡ ನಟ್ಟು. ಹೆಗಡೆಯವರು ಎಂಟು ವರ್ಷದವರಿದ್ದಾಗ ಅದು ಪರರ ಪಾಲಾಗಿತ್ತು. ಈಗ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು, ಸಿದ್ದಾಪುರದ ಕಡೆಗೆ.

"ಅಪ್ಪಯ್ಯನ ಕಾರಿನ ಹಾಂಗೇ ಒಂದು ಮಾಡಿ ಕೊಡಿ ಸಾಬ್ರೆ. ಒಳಗೆ ಎಂತ ಬೇಕಾರೂ ಇರ್ಲಿ. ನೋಡೂಲೆ ಅದೇ ಆಗವು" ಅಂದರು. ಮಾತು ಬಿಸಿಯಾದಾಗ ಅವರ ಮನೆಮಾತು ಹೊರಗೆ ಬರುತ್ತಿತ್ತು, ‘ನಾನು’ ಹೋಗಿ ‘ಆನು’ ಆಗುತ್ತಿತ್ತು.

ಯುದ್ಧ ಮುಗಿದ ಮೇಲೆ ಹರಾಜಿಗೆ ಬಿಟ್ಟಿದ್ದ ಒಂದು ಮಿಲಿಟರಿ ಜೀಪು ನಮ್ಮಲ್ಲೇ ಬಿದ್ದಿತ್ತು. ಅದರ ಚಾಸಿಯ ಮೇಲೆ ಹಳೇ ಕಾರಿನ ಆಕಾರ ಕಟ್ಟುವುದು ಅಂತಾಯಿತು. ಸ್ಟೇರಿಂಗು ಆ ಜೀಪಿಗಿದ್ದ ಹಾಗೆ ಎಡಗಡೆಗೇ ಉಳಿಯಿತು. ತಗಡಿನ ಕೆಲಸ ಉಸ್ತಾದರದು, ಚಕ್ರದ ಕೆಲಸ ನನ್ನದು.

ಹುಬ್ಬಳ್ಳಿಯ ಗುಜರಿಯಲ್ಲಿ ಐದು ತಂತಿ ಚಕ್ರ, ಅವು ಕೂರುವ ನಾಲ್ಕು ಹಬ್ಬು ಸಿಕ್ಕಿದವು. ಟಯರು ಮುಂಬೈಯಿಂದ ತರಿಸಿದೆವು. ಅಂಥ ಚಕ್ರ ನಾನು ಮುಟ್ಟಿದ್ದು ಅದೇ ಮೊದಲು. ಒಂದೊಂದು ಚಕ್ರಕ್ಕೂ ಅರವತ್ತು ಚಿಲ್ಲರೆ ಕಡ್ಡಿ. ಉಸ್ತಾದರಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಹತ್ತಿರದ್ದು ಮಸುಕು. ಅವರು ನಟ್ಟು ತಿರುಗಿಸುವ ಪಾನದಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ ಕಿವಿಗೊಟ್ಟು, "ಇದು ಸಡಲ. ಇದು ಬಿಗಿ. ಇದು ಬರೋಬ್ಬರಿ" ಅನ್ನುತ್ತಿದ್ದರು. ನಾನು ಹಿಂದಿನಿಂದ ತಿರುಗಿಸುತ್ತಾ ಬರುತ್ತಿದ್ದೆ. ಒಂದು ಚಕ್ರ ನೇರ ಮಾಡಲು ಎರಡು ದಿನ ಹಿಡಿಯಿತು. ಕಡ್ಡಿಯ ತುದಿ ಒಳಗಿನಿಂದ ಟ್ಯೂಬಿಗೆ ಚುಚ್ಚದಂತೆ ಹಳೇ ಟ್ಯೂಬನ್ನು ಪಟ್ಟಿ ಕೊಯ್ದು ರಿಮ್ಮಿಗೆ ಸುತ್ತಿದೆ, ಸುಣ್ಣದ ಪುಡಿಯಂಥ ಬಿಳಿ ಪುಡಿ ಉದುರಿಸಿದೆ, ಸಾಬೂನು ನೀರು ಹಚ್ಚಿ ಟಯರು ಏರಿಸಿದೆ. ಅಷ್ಟು ಚಂದದ ಕೆಲಸ ನಾನು ಆಮೇಲೆ ಎಂದೂ ಮಾಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಹಬ್ಬುಗಳ ಮೂತಿಯಲ್ಲಿ ನಟ್ಟು ಸುತ್ತಿಕೊಳ್ಳುವ ಥ್ರೆಡ್ಡು ಸವೆದು ಹೋಗಿತ್ತು. ಹಳೆಯದನ್ನು ಸವರಿ ಹೊಸದು ಕೊರೆದು, ಅದಕ್ಕೆ ತಕ್ಕ ನಟ್ಟು ಮಾಡಬೇಕಿತ್ತು. ಅಷ್ಟರಲ್ಲಿ ಉಸ್ತಾದರಿಗೆ ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಗೆ ಬರಲು ಹೇಳಿ ಕಳಿಸಿದ್ದರು. ಹೊರಡುವ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು:

"ನೋಡು, ಈ ನಮೂನಿ ಚಕ್ರದಾಗ ಎಡಗಡೀದು ಬಲಕ್ಕ ತಿರುವಿದ್ರ ಬಿಗಿ, ಬಲಗಡೀದು ಎಡಕ್ಕ ತಿರುವಿದ್ರ ಬಿಗಿ. ಹಂಗಿದ್ರ ಗಾಡಿ ಓಡಿದಷ್ಟೂ ನಟ್ಟು ತಾನ ಬಿಗಿ ಆಕ್ಕೋತ ಹೋಗ್ತೈತಿ. ಉಲ್ಟಾ ಆದ್ರ ಓಡಿದಷ್ಟೂ ಬಿಚ್ಚಿಕೋತ ಹೋಗ್ತೈತಿ. ಹಳೇದು ಹೆಂಗಿತ್ತೋ ಹಂಗ ಕೊರಸು. ನಿನ್ನ ಶ್ಯಾಣ್ಯಾತನ ಬ್ಯಾಡ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಗೊತ್ತಿರಲಿಲ್ಲ ಅನ್ನಲು ನನಗೆ ದಾರಿಯೇ ಇಲ್ಲ.

ಅವರು ಹೋದ ಮೂರನೆಯ ದಿನ ಹೆಗಡೆಯವರು ಕೆಲಸ ನೋಡಲು ಬಂದರು. ಬಲಗಡೆಯ ಹಬ್ಬಿಗೆ ಹಳೇ ನಟ್ಟನ್ನೇ ಇಟ್ಟು, ಹೇಗೆ ಬಡಿದು ಬಿಗಿಯುವುದು ಅಂತ ತೋರಿಸಿದೆ. ತಾಮ್ರದ ಸುತ್ತಿಗೆಯಿಂದ ನಟ್ಟಿನ ಕಿವಿಗೆ ಹೊಡೆಯುತ್ತಾ ಎಡಕ್ಕೆ ಸುತ್ತಿಸಿದೆ. ಅವರ ಮುಖ ಸಪ್ಪಗಾಯಿತು.

"ಎಂತ ಮಾರಾಯ ಇದು, ಅಪ್ರದಕ್ಷಿಣೆ ಸುತ್ತತಲ್ಲ?"

"ಬಲಗಡೆಗೆ ಹಾಗೇ ಹೆಗಡೇರೆ. ಎಡಗಡೆದು ಬಲಕ್ಕೇ ಸುತ್ತತದೆ."

ಅವರು ನಟ್ಟಿನ ಮೇಲೆ ಕೈಯಿಟ್ಟರು. ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಹೆಣಕ್ಕೆ ಸುತ್ತು ಬರೂದು ಹಾಂಗೆ. ಅವಳ ಚಿತೆಗೆ ಆನೇ ಸುತ್ತು ಬಂದವ. ಆ ಸುತ್ತು ನನ್ನ ಕೂಸು ಹತ್ತೋ ಗಾಡಿಗೆ ಬೇಡ ಮಂಜು. ಕೈ ಮುಗೀತೆ. ನಾಲ್ಕೂ ಪ್ರದಕ್ಷಿಣೆಗೇ ಬಿಗೀಲಿ."

ದೊಡ್ಡ ದನಿಯಲ್ಲಿ ಜಗಳಕ್ಕೆ ನಿಂತಿದ್ದರೆ ನಾನೂ ಜಗಳಾಡುತ್ತಿದ್ದೆ. ಆದರೆ ಅವರ ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿಕೊಂಡೆ. ಕರುಣೆಯಿಂದ ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ. ಉಳಿದರ್ಧ ಸೊಕ್ಕು. ನಾನು ಗಾಡಿ ಆಚಾರಿಯ ಮಗ. ಎತ್ತಿನ ಗಾಡಿಯ ಚಕ್ರಕ್ಕೆ ನಟ್ಟಾದರೂ ಎಲ್ಲಿದೆ? ಅಚ್ಚಿನ ತುದಿಯ ತೂತಿಗೆ ಒಂದು ಕಡಾಣಿ ತೂರಿಸಿದರೆ ಮುಗಿಯಿತು, ಚಕ್ರ ಜಾರಿ ಹೊರಗೆ ಬರುವುದಿಲ್ಲ. ನಟ್ಟಿಗೂ ಹಾಗೇ ಒಂದು ಅಡ್ಡ ಪಿನ್ನು ತೂರಿಸಿದರೆ ಅದು ಬಿಚ್ಚುವುದಾದರೂ ಹೇಗೆ ಅಂದುಕೊಂಡೆ. ಬಲಗಡೆಯ ಎರಡೂ ಹಬ್ಬಿನ ಥ್ರೆಡ್ಡು ಸವರಿ ಹಾಕಿಸಿ ಬಲಕ್ಕೆ ಬಿಗಿಯುವಂತೆ ಕೊರೆಸಿದೆ. ನಟ್ಟಿಗೂ ಹಬ್ಬಿಗೂ ಸೇರಿಸಿ ತೂತು ಹಾಕಿ ಉಕ್ಕಿನ ಪಿನ್ನು ಇಟ್ಟೆ. ಕಡಾಣಿ ತಡೆಯುವುದು ಆಗೊಮ್ಮೆ ಈಗೊಮ್ಮೆ ಬರುವ ನೂಕನ್ನು, ಈ ನಟ್ಟಿಗೆ ಬಿಚ್ಚುವ ಒತ್ತಡ ಗಾಡಿ ಓಡುವಷ್ಟು ಹೊತ್ತೂ ಇರುತ್ತದೆ, ಆ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ.

ಉಸ್ತಾದರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ವಾಪಸು ಬಂದರು. ಕಾರಿನ ಸುತ್ತ ಕೈಯಾಡಿಸುತ್ತಾ ಬಂದು, ಬಹಳ ಚಂದ ಕೂತೈತಿ ಅಂದರು. ಆಮೇಲೆ ಕೇಳಿದರು: "ಬಲಗಡಿಗಿ ಎಡ ಥ್ರೆಡ್ಡ ಹೌದಲ್ಲೋ?"

"ಹೌದು ಉಸ್ತಾದ್" ಅಂದೆ.

ಮದುವೆಗೆ ಹದಿನೈದು ದಿನ ಇತ್ತು. ಒಂದೇ ದಿನದಲ್ಲಿ ಬಿಚ್ಚಿ ಸರಿ ಮಾಡಬಹುದಿತ್ತು.

ಆ ಕಾರಿಗೆ ಡ್ರೈವರು ಬೇಕು ಅಂದಾಗ ವಾಸು ಭಾವನ ಹೆಸರು ಹೇಳಿದವನೂ ನಾನೇ. ಗಿರಿಜಕ್ಕನನ್ನು ಅವರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು, ಎರಡು ವರ್ಷದ ಮಗ ಇದ್ದ. ಭಾವ ಅಲ್ಲಿಯವರೆಗೆ ಯಲ್ಲಾಪುರದ ಕಡೆ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿ ಓಡಿಸುತ್ತಿದ್ದರು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ಅಷ್ಟು ನಿಧಾನದ ಡ್ರೈವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಎದುರಿಗೆ ದನ ಬಂದರೆ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿ ಕೂರುವವರು. "ನಿಮ್ಮ ಭಾವ ಲಾರಿ ಓಡಿಸೂದಲ್ಲ, ಮೇಯಿಸ್ತಾರೆ" ಅಂತ ಅಕ್ಕ ನಗುತ್ತಿದ್ದಳು. ಒಳ್ಳೆಯ ಡ್ರೈವರು ಅನ್ನುವ ಹೆಸರೊಂದೇ ಅವರ ಆಸ್ತಿ. ಹೆಂಡದ ವಾಸನೆಯೂ ಅವರಿಗೆ ಆಗುತ್ತಿರಲಿಲ್ಲ.

ಅವರಿಗೆ ನಾನು ಹೇಳಿದ್ದು ಇಷ್ಟೇ: "ಭಾವ, ದಿನಾ ಬೆಳಿಗ್ಗೆ ನಟ್ಟು ಒಂದು ಸಲ ಬಡಿದು ನೋಡಿ."

"ಎಂತಕ್ಕೆ? ಸಡಿಲ ಆಗ್ತದಾ?"

"ಹೊಸ ಕೆಲಸ ಅಲ್ದಾ, ಅದ್ಕೆ."

ಅವರು ದಿನಾ ಬಡಿದರು. ಹೇಳಿದ ಮಾತನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ.

ಮದುವೆ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ಮದುಮಕ್ಕಳನ್ನು ಸಿದ್ದಾಪುರದ ಕಡೆಯ ಗಂಡನ ಮನೆಗೆ ಬಿಟ್ಟು, ಭಾವ ಮಧ್ಯಾಹ್ನ ಊಟ ಮಾಡಿ ಖಾಲಿ ಕಾರಿನಲ್ಲಿ ಒಬ್ಬರೇ ಹಿಂದೆ ಹೊರಟರು. ಒಂದು ಇಳಿಜಾರಿನ ತಿರುವಿನಲ್ಲಿ ಬಲಗಡೆಯ ಮುಂದಿನ ಚಕ್ರ ಕಳಚಿ ಹೋಯಿತು. ಎಡಗಡೆ ಕೂತವರಿಗೆ ಆ ಚಕ್ರ ಕಾಣುವುದಿಲ್ಲ, ನಡುವೆ ಉದ್ದನೆಯ ಬಾನೆಟ್ಟು. ಕಾರು ಕೆಳಗಿನ ಹಳ್ಳಕ್ಕೆ ಮಗುಚಿತು. ಸುದ್ದಿ ತಿಳಿದು ಉಸ್ತಾದರೂ ನಾನೂ ಹೋಗುವಷ್ಟರಲ್ಲಿ ಅವರನ್ನು ಮೇಲೆ ತಂದು ರಸ್ತೆ ಬದಿಯಲ್ಲಿ ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ.

ಉಸ್ತಾದರ ಕಣ್ಣಿನ ಬಟ್ಟೆ ಆಗ ಬಿಚ್ಚಿಯಾಗಿತ್ತು, ಆದರೂ ಅವರು ನೋಡಲಿಲ್ಲ, ಮುಟ್ಟಿದರು. ಹಳ್ಳಕ್ಕಿಳಿದು ಹಬ್ಬಿನ ಮೂತಿಯ ಮೇಲೆ ಬೆರಳಿಟ್ಟು ಥ್ರೆಡ್ಡಿನ ಉದ್ದಕ್ಕೂ ಸುತ್ತಿಸಿದರು. ಬೆರಳು ಹೋದ ದಿಕ್ಕು ನನಗೂ ಕಂಡಿತು. ಮುರಿದ ಪಿನ್ನಿನ ತುಂಡು ತೂತಿನಲ್ಲೇ ಇತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು.

ಪಂಚನಾಮೆಗೆ ಬಂದ ಪೊಲೀಸರು ಚಕ್ರ ಹೇಗೆ ಹೋಯಿತು ಅಂತ ಕೇಳಿದರು. ಉಸ್ತಾದರು ನನ್ನ ಕಡೆಗೇ ನೋಡುತ್ತಾ ನಿಂತರು. ಹತ್ತಾರು ಜನ ಸುತ್ತ ಇದ್ದರು. ನನಗೆ ಜೈಲು ಕಂಡಿತು, ಗ್ಯಾರೇಜಿಗೆ ಬೀಗ ಬಿದ್ದದ್ದು ಕಂಡಿತು, ಅಕ್ಕನ ಮುಖ ಕಂಡಿತು.

"ಇಳಿಜಾರಲ್ಲಿ ಜೋರು ಬಂದಿರಬೇಕು ಸಾಹೇಬ್ರೆ. ಚರಂಡಿಗೆ ಹೊಡೆದು ಚಕ್ರ ಕಿತ್ತಿದೆ" ಅಂದೆ.

ಆ ಮಾತು ನನ್ನ ಬಾಯಿಂದ ಬಂತು. ಪಕ್ಕದಲ್ಲೇ ಅವರು ಮಲಗಿದ್ದರು, ನಿಧಾನಕ್ಕೆ ಓಡಿಸುವ ನನ್ನ ಭಾವ. ಜೋರು ಬಂದ ಅನ್ನುವುದು ಎರಡು ದಿನದಲ್ಲಿ ಕುಡಿದು ಬಂದ ಅಂತಾಯಿತು. ಮದುವೆ ಮನೆಯಿಂದ ಬಂದವನಲ್ವ, ಯಾರೋ ಕುಡಿಸಿರಬೇಕು ಅಂದರು ಜನ. ಹನ್ನೆರಡನೆಯ ದಿನದ ಹೊತ್ತಿಗೆ ಯಾರು ಕುಡಿಸಿದ್ದು, ಎಲ್ಲಿ ಕೂತು ಕುಡಿದದ್ದು ಎಲ್ಲವೂ ತಯಾರಾಗಿತ್ತು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಉಸ್ತಾದರು ಒಂದೇ ಒಂದು ಸಲ ಮಾತೆತ್ತಿದರು. ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದೆವು. "ಇದು ನಿನ್ನ ಬಾಯಿಂದ ಬರಬೇಕಾದ ಮಾತು ಮಂಜು. ನಾ ಹೇಳಿದ್ರ ಚಾಡಿ ಆಗ್ತೈತಿ. ಕಾಯ್ತೀನಿ" ಅಂದರು. ಆವತ್ತಿನಿಂದ ನನಗೆ ಚಕ್ರ ಮುಟ್ಟಲು ಕೊಡಲಿಲ್ಲ. ಜನ ಅದನ್ನು ಬಡ್ತಿ ಅಂದುಕೊಂಡರು, ಮಂಜು ಈಗ ಇಂಜಿನ್ ಮೇಸ್ತ್ರಿ ಅಂತ. ಏಳು ವರ್ಷ ಅವರು ಕಾದರು. ಆಮೇಲೆ ತೀರಿಕೊಂಡರು.

ಹೆಗಡೆಯವರೂ ಒಮ್ಮೆ ಬಂದು ಕೇಳಿದ್ದರು. ಒಂದೇ ತಿಂಗಳಲ್ಲಿ ಹತ್ತು ವರ್ಷ ವಯಸ್ಸಾದಂತೆ ಕಾಣುತ್ತಿದ್ದರು. "ನಿಜ ಹೇಳು. ಆನು ಹೇಳಿದ್ದಕ್ಕೆ ಹೀಂಗಾತಾ?"

"ಇಲ್ಲ ಹೆಗಡೇರೆ. ನಟ್ಟಿಂದ ಏನೂ ಆಗಿದ್ದಲ್ಲ."

ಅವರು ನನ್ನ ಕೈ ಹಿಡಿದುಕೊಂಡು ಅತ್ತರು. ಅವರ ಮನಸ್ಸಿಗಾದರೂ ನೆಮ್ಮದಿ ಕೊಟ್ಟೆನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಹೆದರಿದವನಿಗೆ ಇಂಥ ಸಮಾಧಾನಗಳು ಎಷ್ಟು ಬೇಕಾದರೂ ಸಿಗುತ್ತವೆ. ಕಾರನ್ನು ಅವರು ಮತ್ತೆ ಮನೆಗೆ ಒಯ್ಯಲಿಲ್ಲ.

ಅಕ್ಕ ಮಗನನ್ನು ಕಟ್ಟಿಕೊಂಡು ತವರಿಗೆ ಬರಲಿಲ್ಲ. ಉಮ್ಮಚಗಿಯಲ್ಲಿ ಭಾವನ ಮನೆಯಲ್ಲೇ ಉಳಿದು ಬಟ್ಟೆ ಹೊಲಿದು ಅವನನ್ನು ಸಾಕಿದಳು. ನಾನು ಕೈಲಾದಷ್ಟು ಮಾಡಿದೆ. ತಮ್ಮ ಅಂದ್ರೆ ಹೀಗಿರಬೇಕು ಅಂತ ಅವಳು ಕಂಡವರ ಹತ್ತಿರ ಹೇಳುವಾಗ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಭಾವನ ಹೆಸರು ಮಾತ್ರ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ದುಃಖಕ್ಕೆ ಹಾಗಿದ್ದಾಳೆ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಅವಳ ಮನೆಗೆ ಹೋಗಿದ್ದೆ. ಅವಳಿಗೆ ಎಂಬತ್ತರ ಹತ್ತಿರ. ಮೊಮ್ಮಗ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡು ಬಂದು ಅಜ್ಜಿಗೆ ತೋರಿಸಿದ. ಅವಳು ಅದನ್ನು ಕೈಯಲ್ಲೂ ಮುಟ್ಟಲಿಲ್ಲ. "ನಿಮ್ಮಜ್ಜನ ಹಾಂಗೆ ನೀನೂ ಕುಡಿದು ಓಡಿಸಿ ಸಾಯಿ. ಇನ್ನೊಬ್ಬಳನ್ನ ತಂದು ನನ್ನ ಹಾಂಗೆ ಮೂಲೇಲಿ ಕೂರ್ಸು" ಅಂದಳು. ಆ ಮಾತಿನಲ್ಲಿ ದುಃಖ ಒಂದು ಚೂರೂ ಇರಲಿಲ್ಲ. ಬರೀ ಸಿಟ್ಟು. ಐವತ್ತು ವರ್ಷದ ಸಿಟ್ಟು, ಮೊನ್ನೆಯದರ ಹಾಗೆ ಬಿಸಿಯಾಗಿತ್ತು.

ನನಗೆ ತಡೆಯಲಾಗಲಿಲ್ಲ. ಹುಡುಗನ ಎದುರಿಗೇ ಎಲ್ಲ ಹೇಳಿದೆ. ಥ್ರೆಡ್ಡು, ಪಿನ್ನು, ಉಸ್ತಾದರಿಗೆ ಹೇಳಿದ ಸುಳ್ಳು, ಪೊಲೀಸರಿಗೆ ಹೇಳಿದ ಸುಳ್ಳು. ಅವಳು ಬೈಯಲಿ, ಕಾಲಲ್ಲಿದ್ದದ್ದು ತೆಗೆದು ಹೊಡೆಯಲಿ ಅಂತ ಕಾಯುತ್ತಾ ಕೂತೆ. ಅವಳು ಗೋಡೆ ನೋಡುತ್ತಿದ್ದಳು. ಗೋಡೆ ನೋಡುತ್ತಲೇ ಕೇಳಿದಳು.

"ಹಾಂಗಾರೆ ಅವ್ರು ಕುಡಿದಿರ್ಲಿಲ್ಯ?"

"ಇಲ್ಲ ಅಕ್ಕ."

"ಜೋರು ಬಂದದ್ದೂ ಅಲ್ಲ?"

"ಅಲ್ಲ. ನಿಧಾನಕ್ಕೇ ಬರ್ತಿದ್ರು."

"ಮನೆಗೆ ಬರ್ತಿದ್ರು" ಅಂದಳು ಅಕ್ಕ. ಆಮೇಲೆ ಬಹಳ ಮೆಲ್ಲಗೆ, ನನಗಲ್ಲ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಒಂದು ದಿನ ಅತ್ತಿದ್ದಿಲ್ಲ ನಾನು ಅವ್ರಿಗೆ. ಹೆಣ ತಂದಾಗಲೂ ಅತ್ತಿದ್ದಿಲ್ಲ. ಕುಡಿದು ಸತ್ತವ್ನಿಗೆ ಎಂತಕ್ಕೆ ಅಳೂದು ಅಂತ."

ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಎಳೆದುಕೊಂಡಳು.

"ನೀ ಈಗ ಹೋಗು ಮಂಜು. ಸಿಟ್ಟಿಂದ ಹೇಳ್ತಾ ಇಲ್ಲ. ನಂಗೆ ಅಳೂದು ಉಂಟು, ನಿನ್ನೆದುರಿಗೆ ಅಳಬಾರ್ದು."